ತಪಾಸಣೆಯ ದಿನ ಬಿದ್ದವರು

ಒದ್ದೆ ಬೆಡ್‌ಶೀಟಿನ ಒಂದು ತುದಿ ಡಾಕ್ಟರಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ಅವರ ಏಳು ವರ್ಷದ ಮಗಳ ಕೈಯಲ್ಲಿತ್ತು. ಹಿತ್ತಲಲ್ಲಿ ಎದುರುಬದುರು ನಿಂತು ಇಬ್ಬರೂ ನೀರು ಹಿಂಡುತ್ತಿದ್ದರು. ಮಗಳು ಕೈ ತಿರುಚುವ ಬದಲು ಇಡೀ ಮೈಯನ್ನೇ ತಿರುಚುತ್ತಿದ್ದುದರಿಂದ ಆಗಾಗ ಅವಳ ಬೆನ್ನು ತಾಯಿಯ ಕಡೆಗೆ ಬರುತ್ತಿತ್ತು. ಅವಳು ಮತ್ತೆ ಈ ಕಡೆ ತಿರುಗುವವರೆಗೆ ಡಾಕ್ಟರಮ್ಮ ಸುಮ್ಮನೆ ಕಾಯುತ್ತಿದ್ದರು. ಶಾಲೆಗೆ ರಜೆ. ಕ್ಲಿನಿಕ್ಕಿನ ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು.

“ಅಮ್ಮಾ, ನೀರೆಲ್ಲ ಹೋದ್ಮೇಲೆ ಬಟ್ಟೆಗೆ ಬಾಯಾರಲ್ವಾ?”

ಮಗಳನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಗುಬ್ಬಿ ಕಾಳು ಹೆಕ್ಕುವ ಹಾಗೆ ಅವಳು ದಿನವಿಡೀ ಪ್ರಶ್ನೆ ಹೆಕ್ಕುತ್ತಿದ್ದಳು. ಬಟ್ಟೆಯ ಪ್ರಶ್ನೆಗೆ ಡಾಕ್ಟರಮ್ಮ ಉತ್ತರ ಹುಡುಕುತ್ತಿದ್ದಾಗಲೇ ಹಿತ್ತಲ ಬಾಗಿಲಿನಿಂದ ಸಿಸ್ಟರ್ ಓಡಿಬಂದರು. ಕ್ಲಿನಿಕ್ಕಿನ ನರ್ಸು, ಗುಮಾಸ್ತೆ, ಕಾವಲು ಎಲ್ಲವೂ ಅವರೊಬ್ಬರೇ. ಉಸಿರು ಸಿಗಲು ಅವರಿಗೆ ಅರ್ಧ ನಿಮಿಷ ಹಿಡಿಯಿತು.

“ಹತ್ತು ಗಂಟೆಗೆ ಬರ್ತಾರಂತೆ. ಈಗಷ್ಟೇ ಫೋನ್ ಬಂತು,” ಎಂದರು ಕೊನೆಗೆ.

ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಡಾಕ್ಟರಮ್ಮನ ಕೈಯಿಂದ ಬೆಡ್‌ಶೀಟು ಜಾರಿತು. ಅದರ ಇನ್ನೊಂದು ತುದಿಯಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದ ಗುಬ್ಬಿ ದಾರ ಬಿಟ್ಟ ಬುಗುರಿಯಂತೆ ಗಿರ್ರನೆ ತಿರುಗಿ ಬಕೆಟ್ಟಿನೊಳಗೆ ಕುಳಿತುಬಿಟ್ಟಳು.

ಖಾಸಗಿ ಕ್ಲಿನಿಕ್ಕುಗಳ ಗುಣಮಟ್ಟಕ್ಕೂ ಸುರಕ್ಷತೆಗೂ ಹೊಸ ನಿಯಮ ಬಂದು ಮೂರು ತಿಂಗಳಾಗಿತ್ತು. ನಿಯಮದ ಪಟ್ಟಿಯಲ್ಲಿ ನೂರಾಹನ್ನೆರಡು ಸಾಲು. ತಪಾಸಣೆಯಲ್ಲಿ ನೂರಕ್ಕೆ ತೊಂಬತ್ತು ಅಂಕ ಬಂದರೆ ಕ್ಲಿನಿಕ್ಕು ಉಳಿಯುತ್ತದೆ, ಬಾರದಿದ್ದರೆ ಆರು ತಿಂಗಳು ಬಾಗಿಲು ಹಾಕಬೇಕು. ಹಿಂದಿನ ಬೀದಿಯ ಕ್ಲಿನಿಕ್ಕಿಗೆ ಎಂಬತ್ತನಾಲ್ಕು ಬಂದು, ಅದರ ಬಾಗಿಲಿಗೆ ಆಗಲೇ ಕಾಗದ ಅಂಟಿಸಿಯಾಗಿತ್ತು. ಅಲ್ಲಿಯ ರೋಗಿಗಳೂ ಈಗ ಡಾಕ್ಟರಮ್ಮನ ಬೆಂಚಿನ ಮೇಲೆಯೇ ಕೂರುತ್ತಿದ್ದರು. ಇದೂ ಮುಚ್ಚಿದರೆ ಅವರೆಲ್ಲ ಕೆಮ್ಮುತ್ತ, ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಿಸಿ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು.

ಹಾಲು ಕಾಯಲು ಇಟ್ಟಾಗ, ಅನ್ನ ಬೇಯುವಾಗ, ಗುಬ್ಬಿಗೆ ಮಗ್ಗಿ ಹೇಳಿಸುವಾಗ ಡಾಕ್ಟರಮ್ಮ ಆ ಪಟ್ಟಿಯನ್ನು ಓದಿದ್ದರು. ಬಹಳಷ್ಟನ್ನು ಸರಿಪಡಿಸಿಯೂ ಇದ್ದರು. ಉಳಿದದ್ದು ಮೂರು ಸಾಲು, ಒಂದೊಂದಕ್ಕೂ ಐದೈದು ಅಂಕ. ನೆಲದ ಮೇಲೆ ಅಪಾಯಕಾರಿ ಏನಾದರೂ ಚೆಲ್ಲಿದರೆ, ಕರೆಂಟು ಹೋದರೆ, ರೋಗಿ ಕುಸಿದು ಬಿದ್ದರೆ ಏನು ಮಾಡಬೇಕು ಎಂದು ಮೂರು ತಿಂಗಳಿಗೊಮ್ಮೆ ಅಣಕು ಅಭ್ಯಾಸ ಮಾಡಬೇಕು. ಅದನ್ನು ಡ್ರಿಲ್ ಎನ್ನುತ್ತಾರೆ. ಆ ಡ್ರಿಲ್ಲುಗಳ ಪುಸ್ತಕ ಕೊಂಡು ತಂದ ದಿನದಷ್ಟೇ ಬೆಳ್ಳಗಿತ್ತು. ನಿಜವಾದ ರೋಗಿಗಳ ನಡುವೆ ಸುಳ್ಳು ರೋಗಿಗೆ ಬಿಡುವು ಸಿಕ್ಕಿರಲಿಲ್ಲ.

ಮೂರು ಬಣ್ಣದ ಪೆನ್ನಿನಲ್ಲಿ ಮೂರು ಬೇರೆ ಬೇರೆ ತಾರೀಕು ಹಾಕಿ ಈಗಲೇ ತುಂಬಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದರು ಸಿಸ್ಟರ್.

“ಬೇಡ ಸಿಸ್ಟರ್. ಆಗದ್ದನ್ನ ಆಯ್ತು ಅಂತ ಬರೆಯೋದು ನನ್ನ ಕೈಲಿ ಆಗಲ್ಲ,” ಎಂದರು ಡಾಕ್ಟರಮ್ಮ. ಮೂರು ಸಾಲು ಬಿಟ್ಟರೆ ಉಳಿಯುವುದು ಎಂಬತ್ತೈದು. ಹಿಂದಿನ ಬೀದಿಯವರಿಗಿಂತ ಒಂದೇ ಒಂದು ಅಂಕ ಜಾಸ್ತಿ, ಅಷ್ಟೇ.

ಗುಬ್ಬಿಗೆ ಒಣ ಬಟ್ಟೆ ಹಾಕಿಸುತ್ತ, ಬರುವವರು ವಾಪಸು ಹೋಗುವವರೆಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಬಾರದು ಎಂದು ಅವರು ಮೆಲ್ಲಗೆ ಹೇಳಿದರು. ಗುಬ್ಬಿ ಎರಡೂ ತುಟಿಗಳನ್ನು ಬೆರಳಿನಲ್ಲಿ ಒತ್ತಿ ಹಿಡಿದಳು. ಆಮೇಲೆ ಒಂದು ಬೆರಳು ಸಡಿಲಿಸಿ, “ಯಾಕೆ ಅಂತಾನೂ ಕೇಳ್ಬಾರ್ದಾ?” ಎಂದಳು.

ಕ್ಲಿನಿಕ್ಕಿನ ಪಕ್ಕದಲ್ಲೇ ಟೈಲರ್ ಅಂಗಡಿ. ನಡುವಿನ ಗೋಡೆ ಎಷ್ಟು ತೆಳುವೆಂದರೆ ರೋಗಿ ಕೆಮ್ಮಿದರೆ ಟೈಲರ್ ಮಾವ ಹೊಲಿಗೆ ತಪ್ಪುತ್ತಿದ್ದರು. ಸುದ್ದಿ ಅವರಿಗೆ ತಲುಪಲು ಯಾರೂ ಹೇಳಬೇಕಾಗಲಿಲ್ಲ. ಎರಡು ಕೋಣೆಯ ಆ ಕ್ಲಿನಿಕ್ಕಿಗೂ ಹಿಂದಿನ ಮನೆಗೂ ಒಡತಿಯಾದ ಮಹಡಿಯಜ್ಜಿಗೆ ಟೈಲರ್ ಮಾವ ಹೇಳಿದರು. ತನ್ನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿಯ ಮರ್ಯಾದೆ ಹೋದರೆ ತನ್ನದೇ ಹೋದಂತೆ ಎಂದುಕೊಂಡ ಅಜ್ಜಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿಯನ್ನು ಮರೆತು, ಕಿಟಕಿಗೆ ಅಂಟಿ ಕುಳಿತರು. ರೋಗಿಗಳಿಗೆ ಮಧ್ಯಾಹ್ನ ಬನ್ನಿ ಎಂದು ಹೇಳಿ ಕಳಿಸಿದ್ದಾಯಿತು. ಬೀದಿಗೆ ಬೀದಿಯೇ ಪರೀಕ್ಷೆಗೆ ಕೂತ ಮಗುವಿನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಿತು.

ಸರಿಯಾಗಿ ಹತ್ತು ಗಂಟೆಗೆ ಆರೋಗ್ಯ ಇಲಾಖೆಯ ಪರಿವೀಕ್ಷಕಿ ನಡೆದುಕೊಂಡೇ ಬಂದರು. ಜೀಪು, ಜವಾನ, ಜೋರು ದನಿ ಯಾವುದೂ ಇಲ್ಲ. ಪುಟ್ಟ ದೇಹ, ನರೆತ ಕೂದಲು, ಹೆಗಲಿಗೊಂದು ಬಟ್ಟೆಯ ಚೀಲ. ಚೀಲದಲ್ಲಿ ಒಂದು ಟಾರ್ಚು, ಒಂದು ಅಳತೆ ಪಟ್ಟಿ, ಸೆಕೆಂಡು ಎಣಿಸುವ ಗಡಿಯಾರ, ಮಡಿಸಿದ ಬಿಳಿ ಕರವಸ್ತ್ರ. ಹೊಸಿಲಿನಲ್ಲಿ ನಿಂತು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು. ಒಳಗಿನ ಕೋಣೆಯ ಫ್ರಿಜ್ಜಿನ ಸದ್ದು ಅಲ್ಲಿಗೇ ಕೇಳಿಸುತ್ತಿದೆ, ಅದರ ಹಿಂಬದಿ ಗೋಡೆಗೆ ತಾಗಿಕೊಂಡಿರಬೇಕು, ಒಂದು ಗೇಣು ಮುಂದಕ್ಕೆ ಎಳೆಸಿ ಎಂದರು. ಸಿಸ್ಟರ್ ಓಡಿಹೋಗಿ ನೋಡಿದರೆ ತಾಗಿಕೊಂಡೇ ಇತ್ತು. ಗುಬ್ಬಿಯ ಬಾಯಿ ತೆರೆಯಿತು. ನೆನಪಾಗಿ ತಟ್ಟನೆ ಮುಚ್ಚಿಕೊಂಡಿತು.

ಆಗಲೇ ಟೈಲರ್ ಮಾವ ಪಕ್ಕದಿಂದ ಧಾವಿಸಿ ಬಂದದ್ದು. ಆಸ್ಪತ್ರೆ ಎಂದರೆ ಆಸ್ಪತ್ರೆಯ ವಾಸನೆ ಇರಬೇಕು, ಇಲ್ಲದಿದ್ದರೆ ಬಂದವರಿಗೆ ನಂಬಿಕೆ ಹೇಗೆ ಹುಟ್ಟೀತು ಎಂಬುದು ಅವರ ವಿಚಾರ. ಕೈಯಲ್ಲಿ ಘಾಟು ಫಿನಾಯಿಲಿನ ದೊಡ್ಡ ಗಾಜಿನ ಬಾಟಲಿ. ಪರಿವೀಕ್ಷಕಿಯನ್ನು ಎದುರಿಗೇ ಕಂಡು ನಮಸ್ಕಾರ ಮಾಡಲು ಎರಡೂ ಕೈ ಜೋಡಿಸಿದರು. ಬಾಟಲಿ ಹಿಡಿಯಲು ಮೂರನೇ ಕೈ ಇರಲಿಲ್ಲ.

ಬಾಟಲಿ ನೆಲಕ್ಕೆ ಬಿದ್ದು ನೂರು ಚೂರಾಯಿತು.

ಮುಂದಿನದನ್ನು ಡಾಕ್ಟರಮ್ಮ ಯೋಚಿಸಿ ಮಾಡಲಿಲ್ಲ. ಎಲ್ಲರೂ ಇದ್ದಲ್ಲೇ ನಿಲ್ಲಿ ಎಂದರು. ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟರು. ಸಿಸ್ಟರ್ ಕೈಗವಸು ತಂದರು. ಡಾಕ್ಟರಮ್ಮ ಇಕ್ಕಳದಿಂದ ಒಂದೊಂದೇ ಚೂರನ್ನು ಎತ್ತಿ ದಪ್ಪ ರಟ್ಟಿನ ಪೆಟ್ಟಿಗೆಗೆ ಹಾಕಿದರು, ಹಳೆ ಪತ್ರಿಕೆ ಹಾಸಿ ದ್ರವ ಹೀರಿಸಿದರು, ಕಿಟಕಿಗಳನ್ನು ತೆರೆಸಿದರು, ಟೈಲರ್ ಮಾವನ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿ ಗಾಯವಿಲ್ಲ ಎಂದು ಖಚಿತ ಮಾಡಿಕೊಂಡರು. ಎದ್ದು ನಿಂತಾಗ ಪರಿವೀಕ್ಷಕಿಯ ಗಡಿಯಾರ ಟಕ್ಕೆಂದಿತು.

ನಾಲ್ಕು ನಿಮಿಷ ಹತ್ತು ಸೆಕೆಂಡು ಎಂದು ಅವರು ಬರೆದುಕೊಂಡರು. ಚೆಲ್ಲಿದ ದ್ರವದ ಡ್ರಿಲ್ ಎಂದರೆ ಎಲ್ಲ ಕಡೆಯೂ ಬಾಯಿಪಾಠ ಒಪ್ಪಿಸುತ್ತಾರೆ, ಮಾಡಿ ತೋರಿಸಿದವರನ್ನು ಇವತ್ತೇ ಕಂಡದ್ದು ಎಂದರು.

“ಡ್ರಿಲ್ ಅಲ್ಲ ಮೇಡಂ. ಅವ್ರು ನಿಜವಾಗ್ಲೂ ಬೀಳಿಸಿದ್ರು,” ಎಂದರು ಡಾಕ್ಟರಮ್ಮ.

ಪರಿವೀಕ್ಷಕಿಯ ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು. ಡ್ರಿಲ್ಲನ್ನು ಡ್ರಿಲ್ಲೆಂದು ಮುಂಚೆ ಸಾರಬಾರದು, ನಿಯಮವೂ ಹಾಗೇ ಹೇಳುತ್ತದೆ ಎಂದು ಹೇಳಿ ಐದಕ್ಕೆ ಐದು ಹಾಕಿದರು.

ಒಳಗಿನ ಕೋಣೆಯಲ್ಲಿ ತಪಾಸಣೆ ಮುಂದುವರಿಯಿತು. ಅದನ್ನು ತಪಾಸಣೆ ಎನ್ನುವುದೋ ಪೂಜೆ ಎನ್ನುವುದೋ ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಪರಿವೀಕ್ಷಕಿ ಗೋಡೆಗೆ ಅಂಗೈ ಇಟ್ಟು ತೇವ ನೋಡಿದರು. ಡಾಕ್ಟರಮ್ಮನಿಂದ ಕೈ ತೊಳೆಸಿ, ತಾವು ತುಟಿಯಲ್ಲೇ ಸೆಕೆಂಡು ಎಣಿಸಿದರು. ಕಪಾಟಿನ ಹಿಂದೆ ಕರವಸ್ತ್ರ ತೂರಿಸಿ ಎಳೆದು, ಬೆಳಕಿಗೆ ಹಿಡಿದರು. ಕರವಸ್ತ್ರ ಬೆಳ್ಳಗೇ ಇತ್ತು. ಸಿಸ್ಟರ್ ಗೋಡೆಗೆ ಒರಗಿ ಉಸಿರು ಬಿಟ್ಟರು. ಔಷಧಿಯ ಶೀಶೆಗಳನ್ನು ಪರಿವೀಕ್ಷಕಿ ಎತ್ತಿ ಇಡುವ ರೀತಿ ನೋಡಿದರೆ, ಒಂದೊಂದರಲ್ಲೂ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎನ್ನುವಂತಿತ್ತು.

ಇಷ್ಟೊಂದು ಸಾಲು ನೆನಪಿಟ್ಟುಕೊಳ್ಳುವುದು ಹೇಗೆ ಎಂದು ಡಾಕ್ಟರಮ್ಮ ಕೇಳಿಯೇಬಿಟ್ಟರು.

“ಒಂದೊಂದು ಸಾಲೂ ಒಬ್ಬೊಬ್ರು ಮನುಷ್ಯರು ಡಾಕ್ಟ್ರೇ,” ಎಂದರು ಪರಿವೀಕ್ಷಕಿ. “ಬಾಗಿಲು ಇಷ್ಟು ಅಗಲ ಇರ್ಬೇಕು ಅಂತ ಇದೆಯಲ್ಲ, ಅದು ಸ್ಟ್ರೆಚರ್ ಹಿಡಿಸದೆ ಹೊಸಿಲಲ್ಲೇ ಹೋದ ಒಬ್ರು ಮುದುಕಪ್ಪ. ಶೀಶೆ ಮೇಲೆ ದಪ್ಪ ಅಕ್ಷರ ಇರ್ಬೇಕು ಅನ್ನೋದು, ಕಣ್ಣಿಗೆ ಬೇರೆ ಔಷಧಿ ಹಾಕಿಸ್ಕೊಂಡ ಒಬ್ಬಳು ಹುಡುಗಿ. ಪಟ್ಟಿ ನಾನು ನೆನಪಿಟ್ಕೊಳ್ಳೋದಿಲ್ಲ. ಅವ್ರನ್ನ ಮರೆಯೋದಿಲ್ಲ, ಅಷ್ಟೇ.”

ಡಾಕ್ಟರಮ್ಮ ಹಾಲು ಉಕ್ಕುವುದನ್ನು ಕಾಯುತ್ತ ಗೊಣಗಿಕೊಂಡು ಓದಿದ ಆ ನೂರಾಹನ್ನೆರಡು ಸಾಲುಗಳು ಈಗ ಹೊರಗಿನ ಬೆಂಚಿನ ಮೇಲೆ ಒಬ್ಬರ ಪಕ್ಕ ಒಬ್ಬರು ಬಂದು ಕುಳಿತ ಹಾಗಾಯಿತು. ಬಾಗಿಲ ಮರೆಯಿಂದ ಇಣುಕುತ್ತಿದ್ದ ಗುಬ್ಬಿ ಕಣ್ಣು ಮಿಟುಕಿಸುವುದನ್ನೂ ಮರೆತಿದ್ದಳು.

ಇತ್ತ ಮಹಡಿಯಲ್ಲಿ ಅಜ್ಜಿಗೆ ಒಂದು ಚಿಂತೆ ಹತ್ತಿತ್ತು. ನೀರಿನ ಪಂಪು ಗೊರಗೊರ ಎನ್ನುತ್ತಿದೆ, ದೊಡ್ಡವರು ಬಂದಿರುವಾಗ ಈ ಗೊರಕೆ ಚೆನ್ನಾಗಿರುವುದಿಲ್ಲ. ಮೆಲ್ಲಗೆ ಇಳಿದು ಬಂದು ಮೆಟ್ಟಿಲ ಕೆಳಗಿನ ದೊಡ್ಡ ಸ್ವಿಚ್ಚನ್ನು ಎಳೆದರು. ಅಲ್ಲಿದ್ದದ್ದು ಎರಡು ಸ್ವಿಚ್ಚು. ಪಂಪು ಗೊರಗೊರ ಎನ್ನುತ್ತಲೇ ಇತ್ತು. ಕ್ಲಿನಿಕ್ಕು ಕತ್ತಲಾಯಿತು.

ಕಿಟಕಿಯಿಲ್ಲದ ಒಳಕೋಣೆಯಲ್ಲಿ ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಅದರೊಳಗೆ ಮಕ್ಕಳ ಲಸಿಕೆಗಳಿದ್ದವು. ಏನು ಮಾಡಬೇಕೆಂದು ಸಿಸ್ಟರಿಗೆ ಹೇಳಬೇಕಾಗಲಿಲ್ಲ. ಒಬ್ಬರು ತಣ್ಣನೆಯ ಪೆಟ್ಟಿಗೆ ತೆರೆದರು, ಇನ್ನೊಬ್ಬರು ಮಂಜುಗಡ್ಡೆಯ ಚೀಲ ಜೋಡಿಸಿದರು. ಲಸಿಕೆಗಳು ಕೈಯಿಂದ ಕೈಗೆ, ನಿದ್ದೆ ಹೋದ ಕೂಸನ್ನು ದಾಟಿಸುವ ಹಾಗೆ ದಾಟಿದವು. ಉಷ್ಣಾಂಶ ಎಷ್ಟು, ಗಂಟೆ ಎಷ್ಟು ಎಂದು ಸಿಸ್ಟರ್ ಕತ್ತಲಲ್ಲೇ ಬರೆದರು. ಪರಿವೀಕ್ಷಕಿ ಟಾರ್ಚು ಹಾಕಿ ನೋಡಿದರೆ ಅಕ್ಷರಗಳು ಸಾಲು ಬಿಟ್ಟು ಕದಲಿರಲಿಲ್ಲ.

ಇದು ಡ್ರಿಲ್ ಖಂಡಿತ ಅಲ್ಲ, ಏನೋ ಎಡವಟ್ಟಾಗಿದೆ, ಹೋಗಿ ನೋಡಿ ಬರುತ್ತೇನೆ ಎಂದು ಡಾಕ್ಟರಮ್ಮ ಗಟ್ಟಿಯಾಗಿಯೇ ಹೇಳಿದರು. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಅಜ್ಜಿಯ ದನಿ ಕೇಳಿಸಿತು. “ಆರ್ಸಿದ್ದು ನಾನೇ ಕಣಮ್ಮಾ, ನೀನು ಗಾಬರಿ ಆಗ್ಬೇಡ.”

ಪರಿವೀಕ್ಷಕಿ ತಲೆದೂಗಿದರು. ಸ್ವಿಚ್ಚು ಆರಿಸಲೆಂದೇ ಒಬ್ಬರನ್ನು ನೇಮಿಸಿದ ಕ್ಲಿನಿಕ್ಕನ್ನು ಅವರು ಈವರೆಗೆ ಕಂಡಿರಲಿಲ್ಲವಂತೆ. ಮತ್ತೆ ಐದಕ್ಕೆ ಐದು.

“ಇಪ್ಪತ್ತೆರಡು ವರ್ಷ ಆಯ್ತು ಡಾಕ್ಟ್ರೇ ಈ ಕೆಲ್ಸಕ್ಕೆ ಸೇರಿ,” ಎಂದರು ಮೆಲುದನಿಯಲ್ಲಿ. “ನಾನು ಬರ್ತೀನಿ ಅಂದ್ರೆ ಎಲ್ಲ ಜೋಡಿಸಿಟ್ಟಿರ್ತಾರೆ. ನನ್ನ ಕಣ್ಣೆದುರು ತಾನಾಗಿ ನಡೆದದ್ದು ಅಂತ ಇವತ್ತಿನವರೆಗೆ ಒಂದೂ ಇಲ್ಲ. ಜೋಡಿಸಿದ್ದು ಅಂತ ಗೊತ್ತಾಗದ ಹಾಗೆ ಜೋಡಿಸಿದ್ದು ನೀವೊಬ್ರೇ.”

ಡಾಕ್ಟರಮ್ಮ ಏನೋ ಹೇಳಲು ಬಾಯಿ ತೆರೆದರು. ಹೊರಕೋಣೆಯಿಂದ ಧೊಪ್ಪೆಂದು ಸದ್ದಾಯಿತು.

ಅಜ್ಜಿ ತಮ್ಮ ಸಹಾಯ ಎಷ್ಟರಮಟ್ಟಿಗೆ ಫಲಿಸಿತೆಂದು ನೋಡಲು ಒಳಗೆ ಬಂದಿದ್ದರು. ಖಾಲಿ ಹೊಟ್ಟೆಗೆ ನುಂಗಿದ ಸಕ್ಕರೆ ಕಾಯಿಲೆಯ ಮಾತ್ರೆ ತನ್ನ ಕೆಲಸ ಮಾಡಿ ಅವರನ್ನು ಅಲ್ಲೇ ಕುಸಿದು ಬೀಳಿಸಿತ್ತು. ಟೈಲರ್ ಮಾವ ಹಿಡಿಯಲು ಹೋಗಿ ಅಜ್ಜಿಯ ಅಡಿಯಲ್ಲಿ ಹಾಸಿಗೆಯಾಗಿದ್ದರು. ಅಜ್ಜಿಯ ಹಣೆಯಲ್ಲಿ ಬೆವರು ಮಣಿಮಣಿಯಾಗಿ ನಿಂತಿತ್ತು, ಕಣ್ಣು ಎಲ್ಲೋ ನೋಡುತ್ತಿತ್ತು.

ಆ ಕ್ಷಣಕ್ಕೆ ಡಾಕ್ಟರಮ್ಮನ ತಲೆಯಿಂದ ಪಟ್ಟಿ, ಅಂಕ, ಪರಿವೀಕ್ಷಕಿ ಎಲ್ಲವೂ ಹಾರಿಹೋದವು. ನೆಲದ ಮೇಲೆ ಮೊಣಕಾಲೂರಿ ಅಜ್ಜಿಯ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ನೋಡಿದರು. ಸಕ್ಕರೆ ಬರೀ ನಲವತ್ತಾರು, ಎಪ್ಪತ್ತಕ್ಕಿಂತ ಕೆಳಗಿದ್ದರೇ ಅಪಾಯ.

“ಅಜ್ಜೀ, ನಾನು. ನನ್ನ ಕಡೆ ನೋಡಿ. ಇದನ್ನ ಚೂರುಚೂರೇ ಚಪ್ಪರಿಸಿ,” ಎನ್ನುತ್ತ ತಲೆಯನ್ನು ತಮ್ಮ ತೋಳಿಗೆ ಒರಗಿಸಿಕೊಂಡು ಗ್ಲೂಕೋಸಿನ ನೀರನ್ನು ಚಮಚದ ತುದಿಯಿಂದ ಕುಡಿಸಿದರು. ಹಿಂದೆ ಯಾರೋ ನಿಂತು ಗಾಳಿಗೆ ಅಡ್ಡವಾಗಿದ್ದಾರೆ ಎನ್ನಿಸಿತು. ತಿರುಗಿಯೂ ನೋಡದೆ, ಆ ಕಡೆ ಸರಿದು ಟಾರ್ಚು ಸರಿಯಾಗಿ ಹಿಡಿಯಿರಿ ಎಂದು ಗದರಿದರು. ಪರಿವೀಕ್ಷಕಿ ಸರಿದು ಟಾರ್ಚು ಸರಿಯಾಗಿ ಹಿಡಿದರು.

ಕಾಲು ಗಂಟೆ ಡಾಕ್ಟರಮ್ಮ ಚಮಚದ ಮೇಲೆ ಚಮಚ ಕುಡಿಸುತ್ತಲೇ ಇದ್ದರು. ಆಮೇಲೆ ಅಜ್ಜಿಯ ಕಣ್ಣು ಎಲ್ಲೆಲ್ಲೋ ಅಲೆದು ಬಂದು ಡಾಕ್ಟರಮ್ಮನ ಮುಖದ ಮೇಲೆ ನಿಂತಿತು. ಇನ್ನೊಮ್ಮೆ ಬೆರಳು ಚುಚ್ಚಿ ನೋಡಿದರೆ ಎಂಬತ್ತು ದಾಟಿತ್ತು. ಸಿಸ್ಟರ್ ಎರಡೂ ಸಂಖ್ಯೆಗಳನ್ನು ಹೊತ್ತಿನ ಸಮೇತ ಬರೆದು, ಮೆಟ್ಟಿಲ ಕೆಳಗಿನ ಸ್ವಿಚ್ಚನ್ನು ಮತ್ತೆ ಹಾಕಿಬಂದರು. ಅಡಿಯಿಂದ ಟೈಲರ್ ಮಾವ, ನಾನಿನ್ನು ಏಳಬಹುದೇ ಎಂದು ವಿನಯವಾಗಿ ಕೇಳಿದರು.

ಡಾಕ್ಟರಮ್ಮ ತಿರುಗಿ ನೋಡಿದಾಗ ಪರಿವೀಕ್ಷಕಿಯ ಕಣ್ಣು ಒದ್ದೆಯಾಗಿತ್ತು.

ಅವರು ಮೊದಲು ಅಜ್ಜಿಗೆ ಕೈ ಮುಗಿದರು. ಈ ವಯಸ್ಸಿನಲ್ಲಿ ಇಂಥ ಅಭಿನಯ ಎಲ್ಲಿ ಕಲಿತಿರಿ, ಬೆವರನ್ನು ಹೇಗೆ ತಂದಿರಿ ಎಂದು ಕೇಳಿದರು. ಅಜ್ಜಿಗೆ ಏನೂ ಅರ್ಥವಾಗದಿದ್ದರೂ ಹೊಗಳಿಕೆ ಎಂಬುದು ಅರ್ಥವಾಯಿತು. ಎಲ್ಲ ನಿಮ್ಮಂಥವರ ಆಶೀರ್ವಾದ ಎಂದರು. ಬೇರೆ ಕಡೆ ಡ್ರಿಲ್ಲಿನಲ್ಲಿ ರಕ್ತದ ಸಕ್ಕರೆಯ ಜಾಗ ಖಾಲಿ ಬಿಟ್ಟಿರುತ್ತಾರೆ, ಇಲ್ಲಿ ಅದನ್ನೂ ಎರಡೆರಡು ಸಲ ತುಂಬಿದ್ದೀರಿ ಎಂದು ಸಿಸ್ಟರ್ ಬೆನ್ನನ್ನೂ ತಟ್ಟಿದ್ದಾಯಿತು. ಟೈಲರ್ ಮಾವ ತಾನೂ ಇದ್ದೇನೆ ಎಂದು ತಿಳಿಸಲು ಸೊಂಟ ಉಜ್ಜಿಕೊಂಡರು.

ಇದೂ ಡ್ರಿಲ್ ಅಲ್ಲ ಎನ್ನಬೇಕಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಪರಿವೀಕ್ಷಕಿ ಮೇಜಿನ ಮೇಲೆ ಪ್ರಮಾಣಪತ್ರ ಹರಡಿ ಪೆನ್ನಿನ ಮುಚ್ಚಳ ತೆಗೆದರು. ಪೆನ್ನಿನ ಮೊನೆ ಸಹಿಯ ಗೆರೆಯ ಮೇಲೆ ಇಳಿಯಿತು. ಡಾಕ್ಟರಮ್ಮ ಆ ಮೊನೆಯನ್ನು ನೋಡಿದರು. ಗಾಜಿನ ಬಾಗಿಲಾಚೆ ಮಧ್ಯಾಹ್ನಕ್ಕೆ ಬನ್ನಿ ಎಂದಿದ್ದ ರೋಗಿಗಳು ಆಗಲೇ ಬಂದು ನಿಂತಿದ್ದರು. ಒಬ್ಬ ತಾಯಿ ಜ್ವರದ ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು. ಡಾಕ್ಟರಮ್ಮ ಆ ಮಾತನ್ನು ಕಹಿ ಮಾತ್ರೆಯ ಹಾಗೆ ನುಂಗಿದರು. ಎರಡು ಸಲ ಹೇಳಿದ್ದೇನಲ್ಲ ಎಂದು ಅದರ ಮೇಲೆ ಸ್ವಲ್ಪ ನೀರನ್ನೂ ಕುಡಿದರು.

ಸಹಿ ಬಿತ್ತು. ನೂರಕ್ಕೆ ನೂರು. ಪರಿವೀಕ್ಷಕಿ ಹಾಳೆ ಮಗುಚಿ ಹಿಂಬದಿಯಲ್ಲೂ ನಾಲ್ಕು ಸಾಲು ಬರೆದು ಕೊಟ್ಟರು.

ಸಿಸ್ಟರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಟೈಲರ್ ಮಾವ ಗೋಡೆಗೆ ಮೊಳೆ ಹೊಡೆಯಲು ಸುತ್ತಿಗೆ ತರಲೇ ಎಂದರು. ಡಾಕ್ಟರಮ್ಮ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಅದು ಒಂದು ಹಾಳೆ ಕಾಗದಕ್ಕಿಂತ ಭಾರವಾಗಿತ್ತು.

ಚೀಲವನ್ನು ಹೆಗಲಿಗೇರಿಸಿಕೊಂಡ ಪರಿವೀಕ್ಷಕಿ, ಹಿಂಬದಿಯನ್ನೂ ಓದಿಕೊಳ್ಳಿ, ಅದೊಂದು ಗೌರವ ಎಂದರು. ಡಾಕ್ಟರಮ್ಮ ಕಾಗದ ತಿರುಗಿಸಿದರು. ಈ ಕ್ಲಿನಿಕ್ಕನ್ನು ಮಾದರಿ ತರಬೇತಿ ಕೇಂದ್ರವೆಂದು ಆರಿಸಲಾಗಿದೆ. ಮುಂದಿನ ವಾರದಿಂದ ಪ್ರತಿ ಗುರುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬೇರೆ ಕ್ಲಿನಿಕ್ಕುಗಳ ಹನ್ನೆರಡು ಡಾಕ್ಟರುಗಳು ಬರುತ್ತಾರೆ. ಈ ದಿನ ನಡೆದ ಮೂರೂ ಡ್ರಿಲ್ಲುಗಳನ್ನು ಇದೇ ಜನ, ಇದೇ ಕ್ರಮದಲ್ಲಿ ಅವರೆದುರು ಮಾಡಿ ತೋರಿಸಬೇಕು. ಒಂದು ಗುರುವಾರ ತಪ್ಪಿದರೂ ಪ್ರಮಾಣಪತ್ರ ರದ್ದಾಗುತ್ತದೆ.

ಟೈಲರ್ ಮಾವ ಬಾಟಲಿ ಇದೇ ಅಳತೆಯದು ಇರಬೇಕೇ, ಸ್ವಲ್ಪ ಚಿಕ್ಕದಾದರೆ ನಡೆಯುತ್ತದೆಯೇ ಎಂದು ವಿಚಾರಿಸಿದರು. ಅಜ್ಜಿ ಬೆಂಚಿನ ಮೇಲೆ ಕುಳಿತಲ್ಲೇ ಕೂದಲು ಸರಿಮಾಡಿಕೊಂಡು, ವರ್ಷವಿಡೀ ಬೇಕಾದರೂ ಮಾಡುತ್ತೇನೆ, ಬುಧವಾರದಿಂದಲೇ ಏನೂ ತಿನ್ನದೆ ಇದ್ದರಾಯಿತು ಎಂದರು. ಪರಿವೀಕ್ಷಕಿ ಈ ವಯಸ್ಸಿನವರ ಶ್ರದ್ಧೆ ಕಂಡು ಮತ್ತೊಮ್ಮೆ ಕೈ ಮುಗಿದರು. ಡಾಕ್ಟರಮ್ಮ ಹಿಂಬದಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ನಿಜ ಹೇಳಿದರೆ ಬಾಗಿಲು ಮುಚ್ಚುತ್ತದೆ, ಹೇಳದಿದ್ದರೆ ಅಜ್ಜಿಯ ಕಣ್ಣು ಮುಚ್ಚುತ್ತದೆ.

ಇಷ್ಟು ಹೊತ್ತೂ ಗುಬ್ಬಿ ಬಾಗಿಲ ಪಕ್ಕದಲ್ಲಿ ಪರಿವೀಕ್ಷಕಿಯ ಪಾದಗಳನ್ನೇ ನೋಡುತ್ತ ನಿಂತಿದ್ದಳು. ಅವರು ಹೋಗುವವರೆಗೆ ಎಂದಿದ್ದಳು ಅಮ್ಮ. ಒಂದು ಪಾದ ಹೊಸಿಲಾಚೆ ಹೋಯಿತು. ಇನ್ನೊಂದು ಒಳಗೇ ಉಳಿಯಿತು, ಬಾಗಿಲಲ್ಲಿ ನಿಂತು ಏನೋ ಕೊನೆಯ ಹೊಗಳಿಕೆ ಹೇಳುತ್ತಿದ್ದರು. ಕೊನೆಗೆ ಆ ಪಾದವೂ ಎದ್ದಿತು, ಹೊಸಿಲು ದಾಟಿತು, ಮೆಟ್ಟಿಲ ಮೇಲೆ ಊರಿತು.

ಬೆಳಗಿನಿಂದ ಒತ್ತಿಟ್ಟಿದ್ದ ತುಟಿಗಳಿಂದ ಗುಬ್ಬಿ ಬೆರಳು ತೆಗೆದಳು. ಅವಳ ದನಿ ಬೀದಿಯ ಆ ತುದಿಗೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು.

“ಅಮ್ಮಾ, ಅಜ್ಜಿ ಇವತ್ತು ನಿಜವಾಗ್ಲೂ ಬಿದ್ರಲ್ಲ, ಮುಂದಿನ ಗುರುವಾರ ಸುಳ್ಳುಸುಳ್ಳೇ ಬೀಳೋದನ್ನ ಅವ್ರಿಗೆ ಯಾರು ಹೇಳ್ಕೊಡ್ತಾರೆ, ನೀನಾ?”